ಗುಲಾಬಿ ದಂಟಿನ ಮುಳ್ಳು: ಎಷ್ಟು ತೆಗೆಯಬೇಕು, ಹೇಗೆ ತೆಗೆಯಬೇಕು

ಮಾನ್ಯ ಸಂಪಾದಕರೇ,

ಮದುವೆಯ ಹಂಗಾಮು ಮತ್ತು ಫೆಬ್ರವರಿಯ ಪ್ರೇಮಿಗಳ ದಿನ ಹತ್ತಿರವಾದಂತೆ ಪತ್ರಿಕೆಗಳ ಪುರವಣಿಗಳಲ್ಲಿ ಹೂವಿನ ಆರೈಕೆಯ ಕುರಿತು ಪುಟ್ಟ ಸಲಹೆಗಳು ಪ್ರಕಟವಾಗುವುದು ವಾಡಿಕೆ. ಈಚೆಗೆ ಓದಿದ ಅಂಥದೊಂದು ಸಲಹೆಯಲ್ಲಿ, ಗುಲಾಬಿಯನ್ನು ಹೂದಾನಿಯಲ್ಲಿ ಇಡುವ ಮೊದಲು ಅಡುಗೆಮನೆಯ ಚಾಕುವಿನಿಂದ ದಂಟನ್ನು ಮೇಲಿಂದ ಕೆಳಗಿನವರೆಗೆ ಹೆರೆದು ಮುಳ್ಳನ್ನೆಲ್ಲ ತೆಗೆಯಬೇಕು, ಆಗ ದಂಟು ನುಣುಪಾಗಿ ಹೂವಿನ ಅಂದವೂ ಹೆಚ್ಚುತ್ತದೆ ಎಂದು ಬರೆಯಲಾಗಿತ್ತು. ಇದೇ ಮಾತನ್ನು ಮೊಬೈಲಿನಲ್ಲಿ ಓಡಾಡುವ ವಿಡಿಯೊಗಳೂ ಹೇಳುತ್ತವೆ. ಕೆಲವರು ಪಾತ್ರೆ ತಿಕ್ಕುವ ಸ್ಟೀಲ್ ನಾರಿನಿಂದ ದಂಟನ್ನು ಉಜ್ಜಿ ತೋರಿಸುತ್ತಾರೆ. ತೋಟಗಾರಿಕೆ ಇಲಾಖೆಯಲ್ಲಿ ಕೆಲಸ ಮಾಡಿ, ಹೂ ಬೆಳೆಗಾರರ ಒಡನಾಟದಲ್ಲಿ ಹಲವು ವರ್ಷ ಕಳೆದಿರುವ ನನಗೆ ಈ ಸಲಹೆ ಹೂವಿಗೂ ಒಳ್ಳೆಯದಲ್ಲ, ಕೈಗೂ ಒಳ್ಳೆಯದಲ್ಲ ಎನ್ನಿಸಿದೆ. ವಿಷಯ ಚಿಕ್ಕದೆಂದು ತೋರಬಹುದಾದರೂ ದಿನಬೆಳಗಾದರೆ ನೂರಾರು ದಂಟುಗಳ ಮುಳ್ಳು ಸವರುವ ಕೆಲಸದಲ್ಲಿರುವವರ ಪಾಲಿಗೆ ಅದು ಚಿಕ್ಕದಲ್ಲವಾದ್ದರಿಂದ ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಮುಳ್ಳಿನ ರಚನೆಯನ್ನು ತಿಳಿದುಕೊಳ್ಳುವುದು ಅಗತ್ಯ, ಏಕೆಂದರೆ ಅದನ್ನು ತೆಗೆಯುವ ಸರಿಯಾದ ಕ್ರಮ ಅಲ್ಲಿಂದಲೇ ಹೊರಡುತ್ತದೆ. ನಿಂಬೆ ಗಿಡದ ಅಥವಾ ಕಾಗದದ ಹೂವಿನ ಬಳ್ಳಿಯ ಮುಳ್ಳು ಮಾರ್ಪಟ್ಟ ಕೊಂಬೆ; ಅದರೊಳಗೆ ನೀರು, ಆಹಾರ ಸಾಗಿಸುವ ನಾಳಗಳಿರುತ್ತವೆ, ಅದು ಕಾಂಡದ ಒಡಲಿನಿಂದಲೇ ಬೆಳೆದು ಬಂದಿರುತ್ತದೆ. ಗುಲಾಬಿಯದು ಹಾಗಲ್ಲ. ಅದು ದಂಟಿನ ಹೊರಚರ್ಮ ಮತ್ತು ಅದರ ಕೆಳಗಿನ ಪದರದಿಂದ ಎದ್ದುನಿಂತ ಬೆಳವಣಿಗೆ ಮಾತ್ರ, ಒಳಗಿನ ನಾಳಗಳಿಗೂ ಅದಕ್ಕೂ ಸಂಬಂಧವಿಲ್ಲ. ಬದನೆಯ ಮುಳ್ಳೂ ಇದೇ ಜಾತಿಗೆ ಸೇರಿದ್ದು. ಒಂದಕ್ಕೊಂದು ಹತ್ತಿರದ ನಂಟಿಲ್ಲದ ಬದನೆ, ಗುಲಾಬಿಯಂಥ ಗಿಡಗಳಲ್ಲಿ ಇಂಥ ಮುಳ್ಳು ಮೂಡಲು ಒಂದೇ ಕುಟುಂಬದ ಜೀನುಗಳು ಕಾರಣವೆಂದು 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಮುಂದೊಂದು ದಿನ ಮುಳ್ಳಿಲ್ಲದ ಒಳ್ಳೆಯ ತಳಿಗಳು ಈ ದಾರಿಯಿಂದ ಬರಬಹುದು. ಹಾಗೆ ನೋಡಿದರೆ ಮುಳ್ಳೇ ಇಲ್ಲದ, ಅಥವಾ ಇಲ್ಲವೆನ್ನುವಷ್ಟು ಕಡಿಮೆ ಇರುವ ಗುಲಾಬಿಗಳು ಹೊಸತೇನೂ ಅಲ್ಲ; 1868ರಲ್ಲಿ ಫ್ರಾನ್ಸಿನಲ್ಲಿ ಬಿಡುಗಡೆಯಾದ ‘ಜೆಫಿರಿನ್ ದ್ರುವಾಂ’ ಎಂಬ ತಳಿ ಇಂದಿಗೂ ಅದೇ ಕಾರಣಕ್ಕೆ ಹೆಸರಾಗಿದೆ. ಆದರೆ ನಮ್ಮ ಪಾಲಿಹೌಸುಗಳಲ್ಲಿ, ಅಂದರೆ ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆಗಳಲ್ಲಿ, ಬೆಳೆಯುವ ‘ತಾಜ್‌ಮಹಲ್’ನಂಥ ಉದ್ದದಂಟಿನ ಕೆಂಪು ಗುಲಾಬಿಗಳಿಗೆ ಮುಳ್ಳು ಇದ್ದೇ ಇದೆ, ಸದ್ಯಕ್ಕೆ ಅದರೊಂದಿಗೆ ಬದುಕಲೇಬೇಕು.

ಮುಳ್ಳು ಚರ್ಮಕ್ಕೆ ಮಾತ್ರ ಅಂಟಿಕೊಂಡಿರುವುದರಿಂದ, ಚೆನ್ನಾಗಿ ಬಲಿತ ಮುಳ್ಳಿನ ಬುಡಕ್ಕೆ ಪಕ್ಕದಿಂದ ಹೆಬ್ಬೆರಳಿನ ಒತ್ತಡ ಕೊಟ್ಟರೆ ಅದು ಟಕ್ಕೆಂದು ಕಳಚಿಕೊಳ್ಳುತ್ತದೆ, ಬುಡದಲ್ಲಿ ಒಂದು ಅಂಡಾಕಾರದ ತಿಳಿ ಗುರುತು ಉಳಿಯುತ್ತದೆಯೇ ಹೊರತು ದಂಟಿಗೆ ಆಳವಾದ ಗಾಯವಾಗುವುದಿಲ್ಲ. ಎಳೆಯ, ಇನ್ನೂ ಕೆಂಪು ಛಾಯೆಯಿರುವ ಮೆತ್ತನೆಯ ಮುಳ್ಳು ಹೀಗೆ ಕಳಚುವುದಿಲ್ಲ. ಬಲವಂತ ಮಾಡಿದರೆ ಚರ್ಮವನ್ನೂ ಎಳೆದುಕೊಂಡು ಬರುತ್ತದೆ. ಬೆಳಗಿನ ಹೊತ್ತು ಕೊಯ್ದು, ಒಂದೆರಡು ತಾಸು ನೀರಿನಲ್ಲಿ ನಿಲ್ಲಿಸಿದ ದಂಟು ಬಿಗಿಯಾಗಿರುವುದರಿಂದ ಮುಳ್ಳು ಸುಲಭವಾಗಿ ಬಿಡುತ್ತದೆ. ಬಿಸಿಲಲ್ಲಿ ಬಾಡಿದ ದಂಟಿನಲ್ಲಿ ಚರ್ಮ ಸಡಿಲಗೊಂಡು ಸುಲಿಯುವ ಸಂಭವ ಹೆಚ್ಚು. ಆದ್ದರಿಂದ ಪೇಟೆಯಿಂದ ತಂದ ಹೂವನ್ನು ಕೈಗೆ ಬಂದೊಡನೆಯೇ ಸವರಲು ಕೂರುವ ಬದಲು ಮೊದಲು ನೀರು ಕುಡಿಸಬೇಕು.

ಚಾಕುವಿನಿಂದ ಹೆರೆಯುವಾಗ ಆಗುವುದು ಬೇರೆ. ಕಬ್ಬಿನ ಸಿಪ್ಪೆ ಸವರುವಂತೆ ಅಲಗು ದಂಟಿನ ಗುಂಟ ಜಾರಿದಾಗ ಅದು ಮುಳ್ಳನ್ನಷ್ಟೇ ಅಲ್ಲ, ನಡುವಿನ ಹಸಿರು ತೊಗಟೆಯನ್ನೂ ಕೀಳುತ್ತದೆ. ಕೊಯ್ದ ಹೂವಿಗೆ ಬೇರಿಲ್ಲ. ದಂಟು ಮತ್ತು ಎಲೆಗಳಲ್ಲಿ ಕೂಡಿಟ್ಟ ಸಕ್ಕರೆಯ ಅಂಶ, ಕತ್ತರಿಸಿದ ಬುಡದಿಂದ ಮೇಲೇರುವ ನೀರು, ಇವೆರಡರ ಮೇಲೆಯೇ ಅದರ ಉಳಿದ ಆಯುಸ್ಸು ನಿಂತಿದೆ. ತೊಗಟೆ ಸುಲಿದ ಜಾಗಗಳಲ್ಲಿ ತೇವ ಆರಿಹೋಗುತ್ತದೆ, ಆಳವಾಗಿ ಕೊಯ್ದಲ್ಲಿ ನಾಳಗಳೊಳಗೆ ಗಾಳಿ ಸೇರುತ್ತದೆ, ನೀರಿನಲ್ಲಿ ಮುಳುಗಿದ ಗಾಯಗಳಿಂದ ಒಸರುವ ರಸವನ್ನು ತಿಂದು ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆ ಬ್ಯಾಕ್ಟೀರಿಯಾ ಮತ್ತು ಅದು ಬಿಡುವ ಲೋಳೆ ಸೇರಿ ದಂಟಿನ ನಾಳಗಳನ್ನು ಕಟ್ಟಿಹಾಕುತ್ತವೆ. ಹೂವು ಅರಳುವ ಮೊದಲೇ ಕತ್ತು ಬಾಗಿ ಮೊಗ್ಗು ತಲೆತಗ್ಗಿಸುವ ದೃಶ್ಯವನ್ನು ನೋಡದವರಿಲ್ಲ. ಹೂವಿನಂಗಡಿಯವರು ಹಳೆಯ ಮಾಲು ಕೊಟ್ಟರೆಂದು ಬೈಯುವುದೂ ಇದೆ. ಎಷ್ಟೋ ಸಲ ಹೂವು ಹಳೆಯದಾಗಿರುವುದಿಲ್ಲ, ನೀರು ಮೇಲೇರುವ ದಾರಿ ಮುಚ್ಚಿರುತ್ತದೆ. ಗಾಯಗೊಂಡ ಸಸ್ಯ ಎಥಿಲೀನ್ ಎಂಬ ಅನಿಲವನ್ನು ಹೆಚ್ಚು ಹೊರಬಿಡುವುದರಿಂದ ಕೆಲವು ತಳಿಗಳಲ್ಲಿ ದಳಗಳು ಬೇಗ ಉದುರುವುದೂ ಉಂಟು.

ಹಾಗಾದರೆ ಎಷ್ಟು ತೆಗೆಯಬೇಕು? ಹೂದಾನಿಯ ನೀರಿನಲ್ಲಿ ಮುಳುಗುವ ಭಾಗದಲ್ಲಿ ಎಲೆ ಇರಬಾರದು, ಏಕೆಂದರೆ ಅದು ಕೊಳೆಯುತ್ತದೆ. ಕೈಯಲ್ಲಿ ಹಿಡಿಯುವ ಭಾಗದಲ್ಲಿ ಮುಳ್ಳು ಇರಬಾರದು, ಏಕೆಂದರೆ ಅದು ಚುಚ್ಚುತ್ತದೆ. ಸಾಮಾನ್ಯವಾಗಿ ಈ ಎರಡೂ ದಂಟಿನ ಕೆಳಗಿನ ಮೂರನೇ ಒಂದು ಭಾಗದಲ್ಲಿ ಬರುತ್ತವೆ. 60 ಸೆಂಟಿಮೀಟರಿನ ದಂಟಾದರೆ ಬುಡದಿಂದ 20 ಸೆಂಟಿಮೀಟರಿನಷ್ಟು ಸವರಿದರೆ ಸಾಕು. ಮೇಲಿನ ಎಲೆ, ಮುಳ್ಳು ಹಾಗೆಯೇ ಇರಲಿ. ಮೇಲಿನ ಎಲೆಗಳೇ ನೀರನ್ನು ಎಳೆದುಕೊಳ್ಳುವ ಶಕ್ತಿಯಾದ್ದರಿಂದ ಅವನ್ನು ಬೋಳಿಸುವುದು ಹೂವಿಗೆ ಮಾಡುವ ಇನ್ನೊಂದು ಅನ್ಯಾಯ. ನಂತರ ಬುಡವನ್ನು ಹರಿತವಾದ ಕತ್ತರಿಯಿಂದ ಒಂದೆರಡು ಸೆಂಟಿಮೀಟರ್ ಓರೆಯಾಗಿ ಕತ್ತರಿಸಿ, ಸಾಧ್ಯವಾದರೆ ಬಕೆಟ್ಟಿನ ನೀರಿನೊಳಗೇ ಕತ್ತರಿಸಿ, ಕೂಡಲೇ ಶುದ್ಧವಾದ ನೀರಿನಲ್ಲಿ ನಿಲ್ಲಿಸಬೇಕು.

ಇಲ್ಲಿ ವ್ಯಾಪಾರಿಗಳ ಕಡೆಯ ಮಾತನ್ನೂ ಹೇಳಬೇಕು. ಉದ್ದದಂಟಿನ ಗುಲಾಬಿಯನ್ನು ಇಪ್ಪತ್ತರ ಕಟ್ಟು ಮಾಡಿ ಸುತ್ತುವಾಗ ಒಂದರ ಮುಳ್ಳು ಇನ್ನೊಂದರ ಎಲೆಯನ್ನೂ ದಳವನ್ನೂ ಗೀರುತ್ತದೆ, ಕಟ್ಟು ಬಿಚ್ಚುವಾಗ ದಂಟುಗಳು ಒಂದಕ್ಕೊಂದು ತೊಡರಿ ಹರಿಯುತ್ತವೆ, ಗೀರಿದ ದಳದ ಮೇಲೆ ಬೂದುಬಣ್ಣದ ಬೂಷ್ಟು ಬೇಗ ಕೂರುತ್ತದೆ. ಆದ್ದರಿಂದ ಅವರು ಮುಳ್ಳು ತೆಗೆಯುವುದಕ್ಕೆ ಕಾರಣವಿದೆ, ಅದನ್ನು ಬರೀ ಅಂದದ ಚಪಲವೆಂದು ತಳ್ಳಿಹಾಕಲಾಗದು. ನನ್ನ ಆಕ್ಷೇಪ ಇರುವುದು ದಂಟನ್ನು ತಲೆಯಿಂದ ಬುಡದವರೆಗೆ ಬೋಳಿಸಿಯೇ ಕೊಡಬೇಕೆಂಬ ಈಚಿನ ಬೇಡಿಕೆಯ ಬಗ್ಗೆ. ಸಮಾರಂಭಗಳ ಅಲಂಕಾರದ ಗುತ್ತಿಗೆ ಹಿಡಿಯುವವರು ಒಂದೇ ರಾತ್ರಿ ಸಾವಿರಗಟ್ಟಲೆ ದಂಟುಗಳನ್ನು ಹೀಗೆ ಬೋಳಿಸಿಕೊಡಿ ಎಂದು ಕೇಳುತ್ತಾರೆ, ಮರುದಿನ ಮಧ್ಯಾಹ್ನದ ಹೊತ್ತಿಗೆ ವೇದಿಕೆ ಕಳಚುವುದರಿಂದ ಹೂವಿನ ಆಯುಸ್ಸು ಅವರ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಆ ರಾತ್ರಿ ಕುಳಿತು ಸವರುವವರ ಕೈ ಮಾತ್ರ ಮರುದಿನವೂ ಅದೇ ಕೈ.

ವಿಧಾನದ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ಐದಾರು ದಂಟುಗಳನ್ನು ಹೂದಾನಿಗೆ ಇಡುವವರಿಗೆ ಯಾವ ವಿಶೇಷ ಉಪಕರಣವೂ ಬೇಡ. ದಪ್ಪ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಎಡಗೈಯಲ್ಲಿ ದಂಟನ್ನು ಹೂವಿನ ಕೆಳಭಾಗದಲ್ಲಿ ಹಿಡಿದು, ಬಲಗೈಯ ಹೆಬ್ಬೆರಳಿಗೆ ಗಟ್ಟಿಯಾದ ಕೈಗವಸು ಹಾಕಿ ಅಥವಾ ಚಮಚದ ಹಿಡಿಯಂಥ ಮೊಂಡು ವಸ್ತುವನ್ನು ಮುಳ್ಳಿನ ಬುಡಕ್ಕೆ ಆನಿಸಿ ಪಕ್ಕಕ್ಕೆ ನೂಕಿದರೆ ಒಂದೊಂದಾಗಿ ಕಳಚುತ್ತವೆ. ತುದಿಯ ಚೂಪನ್ನು ಮಾತ್ರ ತೆಗೆದರೆ ಸಾಲುವ ಕಡೆ, ಉದಾಹರಣೆಗೆ ಮಕ್ಕಳ ಕೈಗೆ ಕೊಡುವ ಒಂಟಿ ಹೂವಿಗೆ, ಉಗುರು ಕತ್ತರಿಸುವ ನೇಲ್ ಕಟರ್ ಎಲ್ಲಕ್ಕಿಂತ ಒಳ್ಳೆಯದು. ಮುಳ್ಳಿನ ಕೊಕ್ಕೆಯ ತುದಿ ಹೋಗುತ್ತದೆ, ಬುಡ ಹಾಗೆಯೇ ಉಳಿಯುತ್ತದೆ, ದಂಟಿಗೆ ಯಾವ ಗಾಯವೂ ಆಗುವುದಿಲ್ಲ. ಇದು ನಿಧಾನದ ಕೆಲಸ, ಅಂಗಡಿಯವರಿಗೆ ಹೊಂದದು ಎಂಬುದು ನಿಜ.

ಕಟ್ಟುಗಟ್ಟಲೆ ಸವರಬೇಕಾದವರಿಗೆ ಕೈಯಲ್ಲಿ ಹಿಡಿದು ಅದುಮುವ ಮುಳ್ಳು ಸವರುವ ಸಾಧನಗಳು ಲೋಹದಲ್ಲೂ ಪ್ಲಾಸ್ಟಿಕ್‌ನಲ್ಲೂ ದೊರೆಯುತ್ತವೆ. ದಂಟನ್ನು ಅದರ ನಡುವೆ ಸೇರಿಸಿ, ಹಗುರವಾಗಿ ಅದುಮಿ, ನಡುವಿನಿಂದ ಬುಡದ ಕಡೆಗೆ ಒಂದೇ ಸಲ ಎಳೆಯಬೇಕು. ಬಹಳಷ್ಟು ಜನ ಮಾಡುವ ತಪ್ಪೆಂದರೆ ಬಲವಾಗಿ ಹಿಚುಕುವುದು ಮತ್ತು ಅದೇ ಜಾಗದಲ್ಲಿ ಎರಡು ಮೂರು ಸಲ ಎಳೆಯುವುದು. ಮೊದಲ ಸಲಕ್ಕೆ ಹೋಗದ ಮುಳ್ಳನ್ನು ಬೆರಳಿನಿಂದ ಬೇರೆಯಾಗಿ ತೆಗೆಯಬೇಕೇ ಹೊರತು ಇಡೀ ದಂಟನ್ನು ಮತ್ತೆ ಉಜ್ಜಬಾರದು. ಲೋಹದ ಅಂಚು ಹರಿತವಾಗಿದ್ದರೆ ಚಾಕುವಿಗೂ ಅದಕ್ಕೂ ವ್ಯತ್ಯಾಸವಿಲ್ಲ, ಆದ್ದರಿಂದ ತೆಳ್ಳನೆಯ ದಂಟಿನ ತಳಿಗಳಿಗೆ ಪ್ಲಾಸ್ಟಿಕ್ ಅಥವಾ ರಬ್ಬರಿನ ಅಂಚಿನದೇ ಮೇಲು. ದಂಟಿನ ತುದಿ ಮುಖದ ಕಡೆಗೆ ಇರದಂತೆ, ಎಳೆಯುವ ದಿಕ್ಕು ಮೈಯಿಂದ ಹೊರಕ್ಕೆ ಇರುವಂತೆ ಕೂರಬೇಕು. ಸಿಡಿದ ಮುಳ್ಳು ಕಣ್ಣಿಗೆ ಬೀಳಬಹುದಾದ್ದರಿಂದ ದಿನವಿಡೀ ಇದೇ ಕೆಲಸ ಮಾಡುವವರು ಸಾದಾ ಕನ್ನಡಕವನ್ನಾದರೂ ಹಾಕಿಕೊಳ್ಳುವುದು ಕ್ಷೇಮ. ಒಂದು ಕಟ್ಟಿನಿಂದ ಇನ್ನೊಂದಕ್ಕೆ ಹೋಗುವಾಗ ಸಾಧನವನ್ನು ಒರೆಸಿಕೊಳ್ಳಬೇಕು, ದಿನದ ಕೊನೆಗೆ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬೇಕು.

ಕೈಗವಸಿನ ಆಯ್ಕೆಯಲ್ಲಿ ಬಹಳ ಗೊಂದಲವಿದೆ. ಪಾತ್ರೆ ತೊಳೆಯುವ ತೆಳು ರಬ್ಬರಿನ ಕೈಗವಸು ಮುಳ್ಳನ್ನು ತಡೆಯುವುದಿಲ್ಲ. ಚುಚ್ಚಿದ ತೂತಿನಿಂದ ನೀರು ಒಳಹೋಗಿ ಕೈ ಇನ್ನಷ್ಟು ನೆನೆಯುತ್ತದೆ. ಹೆಣೆದ ಹತ್ತಿಯದಂತೂ ಮುಳ್ಳಿಗೆ ತೊಡರಿಕೊಳ್ಳುತ್ತದೆ. ಚರ್ಮದ, ಮೊಳಕೈವರೆಗೆ ಬರುವ ಕೈಗವಸು ಗಿಡ ಸವರುವುದಕ್ಕೆ ಅತ್ಯುತ್ತಮ, ಆದರೆ ಅದನ್ನು ಹಾಕಿಕೊಂಡು ಹೂವನ್ನು ಒಂದೊಂದಾಗಿ ಆರಿಸಿ ಕಟ್ಟುವುದು ಕಷ್ಟ, ಒದ್ದೆಯಾದರೆ ಗಟ್ಟಿಯಾಗುತ್ತದೆ. ಅಂಗೈ ಮತ್ತು ಬೆರಳುಗಳಿಗೆ ನೈಟ್ರೈಲ್ ಎಂಬ ಕೃತಕ ರಬ್ಬರಿನ ದಪ್ಪನೆಯ ಲೇಪವಿರುವ ಕೈಗವಸು ಕಟ್ಟು ಕಟ್ಟುವವರಿಗೆ ಹೆಚ್ಚು ಹೊಂದುತ್ತದೆಂಬುದು ನಾನು ಕಂಡುಕೊಂಡದ್ದು. ನೇರವಾಗಿ ಒತ್ತಿ ಚುಚ್ಚಿದ ಮುಳ್ಳನ್ನು ಅದೂ ಪೂರ್ತಿ ತಡೆಯದಿದ್ದರೂ ಗೀರುಗಳನ್ನು ತಡೆಯುತ್ತದೆ, ಬೆರಳಿನ ಸ್ಪರ್ಶವೂ ಉಳಿಯುತ್ತದೆ.

ಕುಂಡದಲ್ಲೋ ಅಂಗಳದಲ್ಲೋ ಬೆಳೆದ ಜೀವಂತ ಗಿಡದ ಮುಳ್ಳನ್ನು ತೆಗೆಯಬೇಕೇ ಎಂದು ಕೇಳುವವರೂ ಇದ್ದಾರೆ. ಬೇಡ ಎಂಬುದೇ ನನ್ನ ಉತ್ತರ. ಗುಲಾಬಿಯ ರೆಂಬೆಗಳು ತುದಿಯಿಂದ ಕಪ್ಪಾಗಿ ಒಣಗುತ್ತ ಕೆಳಗಿಳಿಯುವ ರೋಗ ನಮ್ಮ ಬಯಲುಸೀಮೆಯ ತೋಟಗಳಲ್ಲಿ ಸಾಮಾನ್ಯ. ಅದಕ್ಕೆ ಕಾರಣವಾದ ಶಿಲೀಂಧ್ರ ಒಳನುಗ್ಗುವುದು ಸವರಿದ ಗಾಯಗಳ ಮೂಲಕವೇ. ಬೆಂಗಳೂರಿನ ಸುತ್ತ ಅಕ್ಟೋಬರಿನಲ್ಲಿ ಗಿಡ ಸವರಿದ ಮೇಲೆ ಕತ್ತರಿಸಿದ ತುದಿಗಳಿಗೆ ಶಿಲೀಂಧ್ರ ತಡೆಯುವ ಬೋರ್ಡೋ ಮುಲಾಮನ್ನೋ ತಾಮ್ರದ ಆಕ್ಸಿಕ್ಲೋರೈಡಿನ ಮುಲಾಮನ್ನೋ ಹಚ್ಚುವುದು ಇದೇ ಕಾರಣಕ್ಕೆ. ಹೀಗಿರುವಾಗ ಮುಳ್ಳು ಕಿತ್ತು ಒಂದೊಂದು ರೆಂಬೆಗೂ ಹತ್ತಾರು ಗಾಯ ಮಾಡುವುದು ರೋಗವನ್ನು ಕರೆದು ಕೂರಿಸಿದಂತೆ. ಓಡಾಡುವ ದಾರಿಗೆ ಚಾಚಿದ ರೆಂಬೆಯನ್ನು ಕಡ್ಡಿಗೆ ಕಟ್ಟಿ ಒಳಕ್ಕೆ ತಿರುಗಿಸಿದರೆ ಸಾಕು, ಅದೂ ಆಗದಿದ್ದರೆ ಮುಳ್ಳಿನ ತುದಿಯನ್ನಷ್ಟೇ ಕತ್ತರಿಸಬಹುದು. ಕಸಿ ಮಾಡುವವರ ವಿಷಯ ಬೇರೆ. ಅವರು ಬೇರೆ ಗಿಡದ ಕಣ್ಣನ್ನು (ಚಿಗುರುವ ಮೊಗ್ಗನ್ನು) ಕೂರಿಸುವ ಜಾಗದ ಎರಡು ಮೂರು ಮುಳ್ಳನ್ನು ಬೆರಳಿನಿಂದ ನೂಕಿ ತೆಗೆದು ಕೂಡಲೇ ಪಟ್ಟಿ ಸುತ್ತುತ್ತಾರೆ.

ಈಗ ಕೈಗಳ ಮಾತು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಚಿಕ್ಕಬಳ್ಳಾಪುರ, ಮಾಲೂರು, ಗಡಿಯಾಚೆಯ ಹೊಸೂರು, ಈ ಭಾಗದ ಪಾಲಿಹೌಸುಗಳಲ್ಲಿ ಹೂ ಕೊಯ್ದು, ಉದ್ದಕ್ಕೆ ತಕ್ಕಂತೆ ವಿಂಗಡಿಸಿ, ಕಟ್ಟು ಕಟ್ಟುವ ಕೆಲಸದಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಮಿರಾಬುಲ್, ಬಟನ್ ಗುಲಾಬಿಯಂಥ ಬಿಡಿಹೂವನ್ನು ಬಯಲಿನಲ್ಲಿ ಬಿಡಿಸುವವರದು ಇನ್ನೊಂದು ಪಾಡು. ಅವರಿಗೆ ಹೂವಿನ ಮುಳ್ಳು ಸವರುವ ಕೆಲಸವಿಲ್ಲ, ಆದರೆ ನಸುಕಿನಲ್ಲಿ ಮುಳ್ಳುಗಿಡಗಳ ನಡುವೆಯೇ ಕೈಯಾಡಿಸಬೇಕು. ಹೆಬ್ಬಾಳದ ಅಂತರರಾಷ್ಟ್ರೀಯ ಪುಷ್ಪ ಹರಾಜು ಕೇಂದ್ರಕ್ಕಾಗಲಿ ಕೆ.ಆರ್. ಮಾರುಕಟ್ಟೆಗಾಗಲಿ ಬೆಳಗಿನ ಜಾವಕ್ಕೆ ಮಾಲು ತಲುಪಬೇಕಾದ್ದರಿಂದ ಎಲ್ಲ ಕೆಲಸವೂ ಅವಸರದ್ದು. ಕೈಗವಸು ಕೊಟ್ಟರೂ ಹಾಕುವುದಿಲ್ಲ ಎಂದು ಮಾಲೀಕರು ದೂರುವುದನ್ನು ಕೇಳಿದ್ದೇನೆ. ಹಾಕಿಕೊಂಡರೆ ಕೈ ನಿಧಾನವಾಗುತ್ತದೆ, ನಿಧಾನವಾದರೆ ಮಾತು ಕೇಳಬೇಕಾಗುತ್ತದೆ ಎಂದು ಕೆಲಸದವರು ಹೇಳುವುದನ್ನೂ ಕೇಳಿದ್ದೇನೆ. ಎರಡನೆಯ ಮಾತಿನಲ್ಲಿ ಹೆಚ್ಚು ಸತ್ಯವಿದೆಯೆಂದು ನನ್ನ ಅಭಿಪ್ರಾಯ. ಎಲ್ಲರ ಕೈಗೂ ಒಂದೇ ಅಳತೆಯ, ಗಂಡಸರ ಕೈಗೆ ಹೊಲಿದ ಕೈಗವಸನ್ನು ತಂದು ಹಂಚಿದರೆ ಸಣ್ಣ ಕೈಯವರು ಅದನ್ನು ಪಕ್ಕಕ್ಕಿಡದೆ ಇನ್ನೇನು ಮಾಡಿಯಾರು?

ಚುಚ್ಚುವುದಷ್ಟೇ ಅಪಾಯವೆಂದು ತಿಳಿಯಬಾರದು. ಗುಲಾಬಿ ಆಹಾರ ಬೆಳೆಯಲ್ಲವಾದ್ದರಿಂದ ಅದರ ಮೇಲೆ ಉಳಿಯುವ ಔಷಧದ ಅಂಶದ ಬಗ್ಗೆ ಕಾಳಜಿ ಕಡಿಮೆ. ಬೆಲ್ಜಿಯಂನ ಹೂವಿನಂಗಡಿಗಳಿಂದ ಗುಲಾಬಿ, ಜರ್ಬೆರಾ, ಸೇವಂತಿಗೆಯ ಗೊಂಚಲುಗಳನ್ನು ಸಂಗ್ರಹಿಸಿ ಪರೀಕ್ಷಿಸಿದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಟ್ಟು 107 ಬಗೆಯ ಕೀಟನಾಶಕ, ಶಿಲೀಂಧ್ರನಾಶಕ ಮುಂತಾದ ರಾಸಾಯನಿಕಗಳು ಪತ್ತೆಯಾದವು. ಅದು ಬೇರೆ ದೇಶದ ಲೆಕ್ಕ, ನಮ್ಮದು ಹಾಗೆಯೇ ಇದೆಯೆಂದು ನಾನು ವಾದಿಸುವುದಿಲ್ಲ. ಆದರೆ ಗೀರು ಬಿದ್ದ, ನೆನೆದ ಬರಿಗೈಯಲ್ಲಿ ಔಷಧ ಸಿಂಪಡಿಸಿದ ದಂಟನ್ನು ದಿನವಿಡೀ ಉಜ್ಜುವವರಿಗೆ ಕೈಗವಸು ಏಕೆ ಬೇಕೆಂಬುದಕ್ಕೆ ಅದು ಸಾಕಷ್ಟು ಕಾರಣ ಒದಗಿಸುತ್ತದೆ. ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯಲು ನಲ್ಲಿ ಇರಬೇಕೆಂಬುದು ಅದರ ಜೊತೆಯ ಮಾತು.

ಮುಳ್ಳು ಚುಚ್ಚಿದಾಗ ನಮ್ಮಲ್ಲಿ ಮಾಡುವ ಉಪಚಾರಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂಬ ಗಾದೆಯನ್ನು ಅಕ್ಷರಶಃ ಪಾಲಿಸುವವರು ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ, ಜಾಲಿಮುಳ್ಳಿನಿಂದಲೋ ಬಳೆಗೆ ಸಿಕ್ಕಿಸಿಕೊಂಡ ಪಿನ್ನಿನಿಂದಲೋ ಬಗೆದು ತೆಗೆಯುತ್ತಾರೆ. ಎಕ್ಕದ ಹಾಲು ಬಿಟ್ಟರೆ ಮುಳ್ಳು ತಾನಾಗಿ ಮೇಲೆ ಬರುತ್ತದೆಂಬ ನಂಬಿಕೆಯೂ ಇದೆ. ಆ ಹಾಲು ಚರ್ಮವನ್ನು ಉರಿಸುತ್ತದೆ, ಅದೇ ಕೈ ಕಣ್ಣಿಗೆ ಹೋದರೆ ಕಣ್ಣಿನ ಕರಿಗುಡ್ಡೆಗೆ ಹಾನಿಯಾಗುತ್ತದೆ. ಮಾಡಬೇಕಾದ್ದು ಸರಳ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪಿನಿಂದ ತೊಳೆಯಬೇಕು, ಆದರೆ ಮುಳ್ಳು ಒಳಗಿರುವಾಗ ಬಹಳ ಹೊತ್ತು ನೆನೆಹಾಕಬಾರದು, ನೆನೆದ ಮುಳ್ಳು ಉಬ್ಬಿ ಮೆತ್ತಗಾಗಿ ತೆಗೆಯುವಾಗ ಮುರಿಯುತ್ತದೆ. ಸ್ಪಿರಿಟ್‌ನಿಂದ ಒರೆಸಿದ ಚಿಮಟದಿಂದ, ಅದು ಹೊಕ್ಕ ದಿಕ್ಕಿನಲ್ಲೇ ಹಿಂದಕ್ಕೆ ಎಳೆಯಬೇಕು. ಹಿಚುಕಬಾರದು. ಗೆಣ್ಣಿನ ಬಳಿ ಆಳವಾಗಿ ಹೊಕ್ಕಿದ್ದರೆ ಮನೆಯಲ್ಲಿ ಬಗೆಯದೆ ವೈದ್ಯರ ಬಳಿ ಹೋಗಬೇಕು. ಗೆಣ್ಣಿನೊಳಗೆ ಉಳಿದುಹೋದ ಮುಳ್ಳಿನ ಚೂರು ವಾರಗಳ ನಂತರ ಊತ, ನೋವು ತರುವುದುಂಟು. ಸಸ್ಯದ ಚೂರು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲವಾದ್ದರಿಂದ ಮುಳ್ಳು ಚುಚ್ಚಿದ್ದನ್ನು ಬಾಯಿಬಿಟ್ಟು ಹೇಳಬೇಕು, ಆಗ ವೈದ್ಯರು ಅಲ್ಟ್ರಾಸೌಂಡ್ ಮಾಡಿಸಿ ನೋಡಬಹುದು.

ಧನುರ್ವಾಯುವಿನ ರೋಗಾಣು ಮಣ್ಣು ಮತ್ತು ಸಗಣಿಯಲ್ಲಿ ಇರುತ್ತದೆ, ಗಾಳಿಯಾಡದ ಆಳದ ಚುಚ್ಚುಗಾಯ ಅದಕ್ಕೆ ಅನುಕೂಲ. ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಧನುರ್ವಾಯುವಿನ ಲಸಿಕೆ ಸಿಗುವುದರಿಂದ ತಾಯಂದಿರಾದ ಬಹುಪಾಲು ಹೆಣ್ಣುಮಕ್ಕಳು ಒಮ್ಮೆಯಾದರೂ ಅದನ್ನು ಪಡೆದಿರುತ್ತಾರೆ. ಆದರೆ ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಅದರ ಬಲ ಕುಗ್ಗಿರುತ್ತದೆ, ಗಂಡಸರಿಗಂತೂ ಶಾಲೆ ಬಿಟ್ಟ ಮೇಲೆ ನೆನಪಿಸುವವರೇ ಇಲ್ಲ. ಜನ ‘ಟಿಟಿ ಇಂಜೆಕ್ಷನ್’ ಎಂದು ಕರೆಯುವುದರ ಜಾಗದಲ್ಲಿ ಈಗ ಕೊಡುತ್ತಿರುವ, ಧನುರ್ವಾಯು ಮತ್ತು ಗಂಟಲಮಾರಿ ಎರಡನ್ನೂ ತಡೆಯುವ ಟಿಡಿ ಲಸಿಕೆಯನ್ನು ಹತ್ತು ವರ್ಷಕ್ಕೊಮ್ಮೆ, ಮಣ್ಣು ಮೆತ್ತಿದ ಗಾಯವಾದರೆ ಹಿಂದಿನದಕ್ಕೆ ಐದು ವರ್ಷ ಕಳೆದಿದ್ದರೂ, ಹಾಕಿಸಿಕೊಳ್ಳಬೇಕೆಂಬುದು ವೈದ್ಯರ ಸಾಮಾನ್ಯ ಸಲಹೆ.

ಇನ್ನೊಂದು ಕಾಯಿಲೆಯ ಹೆಸರು ಹೂ ಬೆಳೆಗಾರರಲ್ಲಿ ಬಹುತೇಕ ಯಾರಿಗೂ ಗೊತ್ತಿಲ್ಲ. ಸ್ಪೋರೋಥ್ರಿಕ್ಸ್ ಎಂಬ ಶಿಲೀಂಧ್ರ ಮಣ್ಣು, ಒಣಪಾಚಿ, ಮುಳ್ಳುಗಿಡಗಳ ಮೇಲೆ ಬದುಕುತ್ತದೆ, ಗೀರಿದ ಚರ್ಮದ ಮೂಲಕ ಒಳಸೇರುತ್ತದೆ. ಅಮೆರಿಕದ ಬಾಲ್ಟಿಮೋರಿನಲ್ಲಿ ಬೆಂಜಮಿನ್ ಶೆಂಕ್ ಎಂಬ ವೈದ್ಯ ವಿದ್ಯಾರ್ಥಿ 1896ರಲ್ಲಿ ಇದನ್ನು ಮೊದಲು ಗುರುತಿಸಿದ. ಗುಲಾಬಿ ತೋಟಗಾರರ ಕಾಯಿಲೆ ಎಂದೇ ಅದು ಹೆಸರಾಗಿದೆ. ಚುಚ್ಚಿದ ಕೆಲವು ವಾರಗಳ ನಂತರ ಅಲ್ಲಿ ನೋವಿಲ್ಲದ ಗಂಟು ಎದ್ದು, ಒಡೆದು ಹುಣ್ಣಾಗಿ, ಆಮೇಲೆ ತೋಳಿನ ಗುಂಟ ಸಾಲಾಗಿ ಗಂಟುಗಳು ಮೂಡುತ್ತವೆ. ನಮ್ಮ ದೇಶದಲ್ಲಿ ಹಿಮಾಲಯದ ತಪ್ಪಲಿನ ರಾಜ್ಯಗಳಲ್ಲಿ ಇದು ಹೆಚ್ಚಾದರೂ ಕರ್ನಾಟಕದಿಂದಲೂ ಪ್ರಕರಣಗಳು ವರದಿಯಾಗಿವೆ. ಮಾಮೂಲಿ ಆಂಟಿಬಯೋಟಿಕ್‌ಗೆ ಬಗ್ಗದೆ, ಶಿಲೀಂಧ್ರದ ಔಷಧವನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ. ಹುಣ್ಣು ಮಾಯುತ್ತಿಲ್ಲವೆಂದು ಅಂಗಡಿಯಿಂದ ಅಂಗಡಿಗೆ ಮುಲಾಮು ಬದಲಿಸುತ್ತ ಹೋಗುವವರು ಚರ್ಮರೋಗ ತಜ್ಞರಿಗೆ ತಮ್ಮ ಕೆಲಸವೇನೆಂದು ತಿಳಿಸಿದರೆ ಅರ್ಧ ದಾರಿ ಸವೆದಂತೆ.

ಹೀಗೆಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಗುಲಾಬಿಯ ಮುಳ್ಳಿನ ಬಗ್ಗೆ ಉತ್ಪ್ರೇಕ್ಷೆಯ ಕತೆಗಳಿಗೆ ಕೊರತೆಯೇ ಇಲ್ಲ. 1941ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪೆನಿಸಿಲಿನ್ ಚಿಕಿತ್ಸೆ ಪಡೆದು, ಔಷಧ ಮುಗಿದುಹೋದ್ದರಿಂದ ತೀರಿಕೊಂಡ ಪೊಲೀಸ್ ಕಾನ್‌ಸ್ಟೆಬಲ್ ಆಲ್ಬರ್ಟ್ ಅಲೆಕ್ಸಾಂಡರ್ ಅವರ ಸೋಂಕಿಗೆ ಗುಲಾಬಿ ಮುಳ್ಳಿನ ಗೀರೇ ಕಾರಣವೆಂದು ದಶಕಗಳ ಕಾಲ ಬರೆಯಲಾಯಿತು. ಅವರ ಮಗಳು ಮುಂದೆ ಹೇಳಿದ ಪ್ರಕಾರ ಅದು ಯುದ್ಧಕಾಲದ ಬಾಂಬ್ ದಾಳಿಯಲ್ಲಿ ಆದ ಗಾಯ. ಬಹುತೇಕ ಮುಳ್ಳುಗಾಯಗಳು ತೊಳೆದರೆ ಮಾಯುತ್ತವೆ. ಮಾಯದವನ್ನು ಬೇಗ ಗುರುತಿಸಬೇಕೆಂಬುದಷ್ಟೇ ನನ್ನ ಮಾತು.

ತೆಗೆದ ಮುಳ್ಳು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಸಲಹೆ ಬರೆಯುವವರಿಗೆ ಹೊಳೆಯುವುದೇ ಇಲ್ಲ. ನೆಲದ ಮೇಲೆ ಸವರಿದರೆ ಬರಿಗಾಲಿಗೆ, ಮಗುವಿನ ಮಂಡಿಗೆ. ಹಸಿಕಸದ ಬುಟ್ಟಿಗೆ ಹಾಕಿದರೆ ಅದನ್ನು ಕೈಯಿಂದ ವಿಂಗಡಿಸುವ ಪೌರಕಾರ್ಮಿಕರಿಗೆ. ಒಣಗಿದ ಮುಳ್ಳು ಹಸಿಯದಕ್ಕಿಂತ ಗಡುಸು. ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು ಸವರಿ, ಮುಳ್ಳು ಮತ್ತು ಬಾಡಿದ ದಂಟನ್ನು ಅದರಲ್ಲೇ ದಪ್ಪವಾಗಿ ಸುತ್ತಿ, ದಾರ ಕಟ್ಟಿ, ಒಳಗೆ ಮುಳ್ಳಿದೆಯೆಂದು ಮೇಲೆ ಬರೆದು ಕೊಡುವುದು ದೊಡ್ಡ ಶ್ರಮವೇನಲ್ಲ. ಹಬ್ಬ, ಮದುವೆಗಳ ಮರುದಿನ ಕಲ್ಯಾಣ ಮಂಟಪಗಳ ಹಿಂದೆ ರಾಶಿ ಬೀಳುವ ಅಲಂಕಾರದ ಕಸದ ವಿಷಯದಲ್ಲಿ ಸ್ಥಳೀಯ ಸಂಸ್ಥೆಗಳು ಇದನ್ನು ಕಡ್ಡಾಯ ಮಾಡಿದರೆ ತಪ್ಪಿಲ್ಲ.

ಶಾಲೆಗಳಿಗೂ ಒಂದು ಕೋರಿಕೆಯಿದೆ. ನೆಹರೂ ಅವರು ಕೋಟಿಗೆ ಗುಲಾಬಿ ಸಿಕ್ಕಿಸಿಕೊಳ್ಳುತ್ತಿದ್ದರೆಂಬ ನೆನಪಿಗೆ ನವೆಂಬರ್ 14ರಂದು ಮಕ್ಕಳ ಎದೆಗೆ ಹೂ ಚುಚ್ಚುವ, ಅತಿಥಿಗಳು ಬಂದಾಗ ಸಾಲಾಗಿ ನಿಲ್ಲಿಸಿ ಕೈಗೆ ಗುಲಾಬಿ ಕೊಡಿಸುವ ರೂಢಿ ಇದೆ. ಆ ಹೂಗಳ ದಂಟನ್ನು ಹಿಂದಿನ ದಿನವೇ ದೊಡ್ಡವರು ಕೂತು ಸವರಬೇಕು, ಮೇಲ್ತರಗತಿಯ ಹುಡುಗಿಯರ ಕೈಗೆ ಬ್ಲೇಡು ಕೊಟ್ಟು ಕೂರಿಸಬಾರದು. ಬಿಡಿ ಬಟನ್ ಗುಲಾಬಿಯನ್ನು ಕೊಟ್ಟರೆ ಈ ತಾಪತ್ರಯವೇ ಇಲ್ಲ, ಅದರ ತೊಟ್ಟು ಗಿಡ್ಡ, ಬೆಲೆಯೂ ಕಡಿಮೆ.

ಕೊನೆಯದಾಗಿ ಸಂಬಂಧಪಟ್ಟವರಲ್ಲಿ ನನ್ನ ಬೇಡಿಕೆಗಳಿವು. ಪಾಲಿಹೌಸ್ ಕಟ್ಟಲು ಸಹಾಯಧನ ಕೊಡುವ ತೋಟಗಾರಿಕೆ ಇಲಾಖೆ, ಆ ಘಟಕದಲ್ಲಿ ಕೈ ಅಳತೆಗೆ ತಕ್ಕ ಕೈಗವಸು, ಮೊಂಡು ಅಂಚಿನ ಸವರುವ ಸಾಧನ, ಕೈ ತೊಳೆಯುವ ವ್ಯವಸ್ಥೆ ಇವೆಯೇ ಎಂಬುದನ್ನೂ ಪರಿಶೀಲನೆಯ ಪಟ್ಟಿಗೆ ಸೇರಿಸಲಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ ಹಂಗಾಮು ಆರಂಭವಾಗುವ ಮೊದಲು ಒಮ್ಮೆ ಈ ಘಟಕಗಳಿಗೆ ಹೋಗಿ ಟಿಡಿ ಲಸಿಕೆ ಹಾಕುವಂತಾಗಲಿ. ಹರಾಜು ಕೇಂದ್ರದಲ್ಲಿ, ಕೆಳಗಿನ ಮೂರನೇ ಒಂದು ಭಾಗ ಮಾತ್ರ ಸವರಿದ ದಂಟಿಗೂ ಪೂರ್ತಿ ಬೋಳಿಸಿದ ದಂಟಿಗೂ ದರ್ಜೆಯಲ್ಲಿ ಭೇದ ಮಾಡದಿರಲಿ. ಸುಲಿದ ತೊಗಟೆಯನ್ನು ದೋಷವೆಂದು ಎಣಿಸಿದರೆ ಇನ್ನೂ ಒಳ್ಳೆಯದು, ಬೆಳೆಗಾರರು ಚಾಕುವನ್ನು ತಾವಾಗಿಯೇ ಕೆಳಗಿಡುತ್ತಾರೆ. ತಮ್ಮ ಪತ್ರಿಕೆಯೂ ಹೂವಿನ ಸಲಹೆಗಳನ್ನು ಪ್ರಕಟಿಸುವ ಮೊದಲು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಜ್ಞರನ್ನೋ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದವರನ್ನೋ ಒಂದು ಮಾತು ಕೇಳಬೇಕೆಂದು, ಚಾಕುವಿನಿಂದ ಹೆರೆಯುವ ಸಲಹೆಗೆ ಬರುವ ಫೆಬ್ರವರಿಗೆ ಮೊದಲೇ ತಿದ್ದುಪಡಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ನಿವೃತ್ತ ಸಹಾಯಕ ತೋಟಗಾರಿಕೆ ಅಧಿಕಾರಿ,
ದೊಡ್ಡಬಳ್ಳಾಪುರ